ಪ್ಲಾಸ್ಮಾ ಉಪಕರಣವನ್ನು ಮನೆಯಲ್ಲಿ ಕಟ್ಟಬಹುದೆ?

ತಮ್ಮ ಕೈಯಿಂದಲೇ ಒಂದು ಯಂತ್ರವನ್ನು ಕಟ್ಟಿ, ಅದು ಕೆಲಸ ಮಾಡುವುದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವು ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಶುಭಲಕ್ಷಣವೇ ಸರಿ. ಒಂದು ಕಾಲದಲ್ಲಿ ಈ ಹಂಬಲವು ರೇಡಿಯೋ ಜೋಡಿಸುವುದರಲ್ಲಿಯೂ, ದೂರದರ್ಶಕದ ಕನ್ನಡಿಯನ್ನು ಉಜ್ಜುವುದರಲ್ಲಿಯೂ ತೃಪ್ತಿಯನ್ನು ಪಡೆಯುತ್ತಿದ್ದಿತು. ಇಂದು ಹಲವು ತರುಣರ ಕಣ್ಣು ಪ್ಲಾಸ್ಮಾದ ಮೇಲೆ ಬಿದ್ದಿದೆ. ಕಬ್ಬಿಣದ ತಗಡನ್ನು ಬಾಳೆಯ ದಿಂಡಿನಂತೆ ಕೊಯ್ಯುವ ನೀಲಿಯ ಜ್ವಾಲೆ, ಎರಡು ತಂತಿಗಳ ನಡುವೆ ಹಾವಿನಂತೆ ಹೊರಳುತ್ತ ಮೇಲೇರುವ ವಿದ್ಯುಚ್ಚಾಪ, ಹಲಗೆಯ ಮೇಲೆ ಮಿಂಚಿನ ರೆಂಬೆಕೊಂಬೆಗಳನ್ನು ಸುಟ್ಟು ಬರೆಯುವ ವಿದ್ಯುತ್ತು, ಇವನ್ನೆಲ್ಲ ಮೊಬೈಲಿನ ಪರದೆಯ ಮೇಲೆ ನೋಡಿದ ಹುಡುಗನಿಗೆ ‘ನಾನೂ ಇದನ್ನು ಮಾಡಬಲ್ಲೆ’ ಎನಿಸಿದರೆ ಆಶ್ಚರ್ಯವಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಊರುಗಳ ಸೀಮೆಯಲ್ಲಿ ಹೀಗೆನಿಸುವುದಕ್ಕೆ ಇನ್ನೂ ಹೆಚ್ಚಿನ ಕಾರಣಗಳಿವೆ. ಮುನಿರಾಬಾದಿನಲ್ಲಿ ತುಂಗಭದ್ರೆಯ ನೀರು ವಿದ್ಯುತ್ತಾಗಿ ಹೊರಬೀಳುತ್ತದೆ. ಕುಷ್ಟಗಿ ಯಲಬುರ್ಗಾಗಳ ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ಗಿಣಿಗೇರಿಯ ಆಸುಪಾಸಿನಲ್ಲಿ ಉಕ್ಕಿನ ಕಾರ್ಖಾನೆಗಳಿವೆ. ಗಂಗಾವತಿಯ ಅಕ್ಕಿ ಗಿರಣಿಗಳಿಗೂ, ಹಳ್ಳಿಗಳ ಟ್ರ್ಯಾಕ್ಟರುಗಳಿಗೂ ಕಬ್ಬಿಣವನ್ನು ಕೊಯ್ದು ಬೆಸೆದು ಕೊಡುವ ವೆಲ್ಡಿಂಗ್ ಅಂಗಡಿಗಳ ಮುಂದೆಯೇ ನಮ್ಮ ಮಕ್ಕಳು ದಿನವೂ ಶಾಲೆಗೆ ನಡೆದುಹೋಗುತ್ತಾರೆ. ವಿದ್ಯುತ್ತು ಲೋಹವನ್ನು ಕರಗಿಸುವುದು ಅವರಿಗೆ ಪುಸ್ತಕದ ಮಾತಲ್ಲ, ಬೀದಿಯ ನೋಟ. ಕೆಟ್ಟುಹೋದ ಮೈಕ್ರೋವೇವ್ ಒಲೆಯೊಂದು ಗುಜರಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆತರೆ ಅದರ ಟ್ರಾನ್ಸ್‌ಫಾರ್ಮರನ್ನು ಕಿತ್ತು ಮನೆಯ ಪ್ಲಗ್ಗಿಗೆ ಸೇರಿಸುವುದು ಹತ್ತು ನಿಮಿಷದ ಕೆಲಸ. ಇಂಥ ಹತ್ತು ನಿಮಿಷದ ಕೆಲಸವೇ ಈ ಲೇಖನದ ವಿಷಯ.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಪ್ಲಾಸ್ಮಾವನ್ನು ಮನೆಯಲ್ಲಿ ಅಭ್ಯಾಸ ಮಾಡಬಹುದು, ಮಾಡಲೇಬೇಕು. ಆದರೆ ಆ ಅಭ್ಯಾಸವು ಅಲ್ಪಶಕ್ತಿಯ ಕಿಡಿಗಳಿಗೆ ಮಾತ್ರ ಮೀಸಲಾಗಿರಬೇಕು. ಹೆಚ್ಚು ಶಕ್ತಿಯ ಉಪಕರಣವು ಗುರುವಿದ್ದೆಡೆಯಲ್ಲಿಯೇ, ಅಂದರೆ ಕಾರ್ಯಾಗಾರದಲ್ಲಿಯೇ ನಡೆಯತಕ್ಕದ್ದು. ಅಂಥ ಕಾರ್ಯಾಗಾರವನ್ನು ತೆರೆದಿಡದೆ ‘ಮುಟ್ಟಬೇಡ’ ಎಂದಷ್ಟೇ ಹೇಳುವ ಹಿರಿಯರು ತಮ್ಮ ಹೊಣೆಯಲ್ಲಿ ಅರ್ಧವನ್ನು ಮಾತ್ರ ನಿರ್ವಹಿಸಿದಂತೆ.

ಪ್ಲಾಸ್ಮಾ ಎಂದರೇನು? ಘನ, ದ್ರವ, ಅನಿಲ ಎಂಬ ಮೂರು ಅವಸ್ಥೆಗಳನ್ನು ನಾವು ಬಲ್ಲೆವು. ಅನಿಲವನ್ನು ಇನ್ನೂ ಕಾಯಿಸಿದರೆ, ಇಲ್ಲವೆ ಅದರ ಮೇಲೆ ಬಲವಾದ ವಿದ್ಯುತ್ ಕ್ಷೇತ್ರವನ್ನು ಹಾಯಿಸಿದರೆ, ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿ ಬೀಳುತ್ತವೆ. ಧನ ಅಯಾನುಗಳೂ ಋಣ ಎಲೆಕ್ಟ್ರಾನುಗಳೂ ಬೆರೆತ ಈ ಅನಿಲವು ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುತ್ತದೆ. ಇದಕ್ಕೆ ೧೯೨೮ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟವನು ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್. ಅದಕ್ಕೂ ಮೊದಲೇ, ೧೯೨೦ರಲ್ಲಿ, ಎಷ್ಟು ಉಷ್ಣತೆಯಲ್ಲಿ, ಎಷ್ಟು ಒತ್ತಡದಲ್ಲಿ ಒಂದು ಅನಿಲದ ಎಷ್ಟು ಪಾಲು ಹೀಗೆ ಅಯಾನುಗಳಾಗುವುದೆಂದು ಲೆಕ್ಕ ಹಾಕುವ ಸಮೀಕರಣವನ್ನು ಕೊಟ್ಟವರು ನಮ್ಮ ದೇಶದ ಮೇಘನಾದ ಸಹಾ. ಸೂರ್ಯನೂ ನಕ್ಷತ್ರಗಳೂ ಪ್ಲಾಸ್ಮಾಮಯ. ಬೇಸಗೆಯ ಕೊನೆಯ ಗುಡುಗುಮಳೆಯಲ್ಲಿ ನಮ್ಮ ಹೊಲಗಳ ಮೇಲೆ ಹೊಳೆಯುವ ಮಿಂಚೂ ಪ್ಲಾಸ್ಮಾವೇ. ಅದರ ಹಾದಿಯ ಉಷ್ಣತೆ ಸುಮಾರು ೩೦,೦೦೦ ಡಿಗ್ರಿ, ಎಂದರೆ ಸೂರ್ಯನ ಮೇಲ್ಮೈಯ ಐದರಷ್ಟು.

ಇಷ್ಟು ದೊಡ್ಡ ಉದಾಹರಣೆಗಳೇ ಏಕೆ? ಹಳೆಯ ಟ್ಯೂಬ್‌ಲೈಟಿನೊಳಗೆ ಹೊಳೆಯುವುದು ಪಾದರಸದ ಆವಿಯ ಪ್ಲಾಸ್ಮಾ. ಎಲೆಕ್ಟ್ರಿಷಿಯನ್ನರ ಜೇಬಿನಲ್ಲಿರುವ ಟೆಸ್ಟರಿನ ಕಿರುದೀಪದಲ್ಲಿ ಕೆಂಪಗೆ ಬೆಳಗುವುದು ನಿಯಾನ್ ಪ್ಲಾಸ್ಮಾ. ಅಡಿಗೆಮನೆಯ ಗ್ಯಾಸ್ ಲೈಟರಿನ ಕಿಡಿಯೂ ಕ್ಷಣಮಾತ್ರದ ಪ್ಲಾಸ್ಮಾ. ಪ್ಲಾಸ್ಮಾ ಉಪಕರಣವನ್ನು ಹೊಸದಾಗಿ ಮನೆಗೆ ತರಬೇಕಾಗಿಯೇ ಇಲ್ಲ. ಅದು ಆಗಲೇ ಮನೆಯಲ್ಲಿದೆ. ಅದರಿಂದ ಯಾರಿಗೂ ಹಾನಿಯಾಗಿಲ್ಲವೇಕೆ ಎಂಬ ಪ್ರಶ್ನೆಯಲ್ಲಿಯೇ ಇಡೀ ವಿಷಯದ ಕೀಲಿಕೈ ಅಡಗಿದೆ.

ಗಾಳಿಯಲ್ಲಿ ಕಿಡಿ ಹಾರಬೇಕಾದರೆ ಒಂದು ಮಿಲಿಮೀಟರಿಗೆ ಸುಮಾರು ೩,೦೦೦ ವೋಲ್ಟು ಬೇಕು. ಗ್ಯಾಸ್ ಲೈಟರಿನ ಕಿಡಿ ನಾಲ್ಕೈದು ಮಿಲಿಮೀಟರು ನೆಗೆಯುತ್ತದೆ. ಆದುದರಿಂದ ಅಲ್ಲಿ ಹುಟ್ಟುವ ವೋಲ್ಟೇಜು ಹತ್ತು ಸಾವಿರದ ಆಸುಪಾಸಿನಲ್ಲಿದೆಯೆಂದು ತಿಳಿಯಬೇಕು. ಬೀದಿಯ ಕಂಬದ ಮೇಲೆ ತಲೆಬುರುಡೆಯ ಚಿತ್ರದೊಡನೆ ‘ಅಪಾಯ, ೧೧,೦೦೦ ವೋಲ್ಟ್’ ಎಂದು ಬರೆದಿರುವುದಕ್ಕೆ ಇದು ಹೆಚ್ಚು ಕಡಿಮೆ ಸಮ! ಆದರೂ ಲೈಟರಿನ ಕಿಡಿ ಬೆರಳಿಗೆ ತಾಗಿದರೆ ಸೂಜಿ ಚುಚ್ಚಿದಂತಾಗುವುದೇ ಹೊರತು ಬೇರೇನೂ ಆಗದು. ಕಾರಣವಿಷ್ಟೆ: ಅದರ ಹಿಂದೆ ಶಕ್ತಿಯ ಸಂಗ್ರಹವಿಲ್ಲ. ಒಂದು ಜೂಲಿನ ಸಾವಿರದಲ್ಲಿ ಕೆಲವು ಪಾಲು ಶಕ್ತಿ ಕ್ಷಣಾರ್ಧದೊಳಗೆ ಮುಗಿದುಹೋಗುತ್ತದೆ. ಕಂಬದ ತಂತಿಯ ಹಿಂದಾದರೋ ಮುನಿರಾಬಾದಿನಂಥ ವಿದ್ಯುದಾಗಾರಗಳೆಲ್ಲ ನಿಂತಿವೆ.

ನೀರಿನ ಹೋಲಿಕೆಯಿಂದ ಇದು ಸ್ಪಷ್ಟವಾದೀತು. ವೋಲ್ಟೇಜೆಂಬುದು ನೀರು ಬೀಳುವ ಎತ್ತರ. ಆಂಪಿಯರೆಂಬುದು ಹರಿಯುವ ನೀರಿನ ಮೊತ್ತ. ತುಂಗಭದ್ರಾ ಅಣೆಕಟ್ಟೆಯ ನೆತ್ತಿಯಿಂದ ಒಂದು ಹನಿ ತಲೆಯ ಮೇಲೆ ಬಿದ್ದರೆ ಒರೆಸಿಕೊಂಡು ನಡೆಯುತ್ತೇವೆ. ಎಡದಂಡೆ ಕಾಲುವೆಯ ಇಳಿಜಾರು ಕಣ್ಣಿಗೆ ಕಾಣದಷ್ಟು ಕಡಿಮೆ. ಆದರೆ ಅದು ತುಂಬಿ ಹರಿಯುವಾಗ ಇಳಿದವನನ್ನು ಕೊಚ್ಚಿಕೊಂಡು ಹೋಗಬಲ್ಲದು. ಕೊಲ್ಲುವುದು ಎತ್ತರವೊಂದೇ ಅಲ್ಲ, ಮೊತ್ತ. ಕೇರೆಹಾವು ಮಾರುದ್ದವಿದ್ದರೂ ವಿಷವಿಲ್ಲ. ಮಂಡಲದ ಹಾವಿನ ಮರಿ ಗೇಣುದ್ದವಿದ್ದರೂ ವಿಷವಿದೆ. ಕಿಡಿಗಳಲ್ಲಿಯೂ ಹೀಗೆಯೇ. ಉದ್ದವನ್ನು ನೋಡಿ ಅಪಾಯವನ್ನು ಅಳೆಯಲಾಗದು.

ಈಗ ಗುಜರಿ ಅಂಗಡಿಯ ಟ್ರಾನ್ಸ್‌ಫಾರ್ಮರಿಗೆ ಬರೋಣ. ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರು ಮನೆಯ ೨೩೦ ವೋಲ್ಟನ್ನು ಸುಮಾರು ೨,೦೦೦ ವೋಲ್ಟಿಗೆ ಏರಿಸುತ್ತದೆ. ಈ ವೋಲ್ಟೇಜಿಗೆ ಗಾಳಿಯಲ್ಲಿ ಒಂದು ಮಿಲಿಮೀಟರು ನೆಗೆಯುವ ತ್ರಾಣವೂ ಇಲ್ಲ. ಲೈಟರಿನ ಕಿಡಿಯ ಮುಂದೆ ಇದು ಕುಳ್ಳ. ಆದರೆ ಲೈಟರು ಕೊಡಲಾರದುದನ್ನು ಇದು ಕೊಡುತ್ತದೆ: ಅರ್ಧ ಆಂಪಿಯರು ಪ್ರವಾಹವನ್ನು, ನಿಲ್ಲಿಸುವ ತನಕ, ಎಡೆಬಿಡದೆ. ತುದಿಗಳನ್ನು ಒಮ್ಮೆ ತಾಗಿಸಿ ಎಳೆದರೆ ನಡುವಣ ಗಾಳಿ ಪ್ಲಾಸ್ಮಾವಾಗಿ ಚಾಪವು ಕೆಲವು ಸೆಂಟಿಮೀಟರು ಹಿಗ್ಗುತ್ತದೆ. ಪರದೆಯ ಮೇಲೆ ನೋಡಿದ ಬೆರಗು ಇದೇ.

ಮನುಷ್ಯನ ದೇಹವು ಈ ಪ್ರವಾಹವನ್ನು ಹೇಗೆ ತಾಳಬಲ್ಲದೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಮನೆಗೆ ಬರುವಂಥ ವಿದ್ಯುತ್ತಿನಲ್ಲಿ ೧೦ ಮಿಲಿಆಂಪಿಯರಿನ ಸುತ್ತ ಕೈಯ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದಂತಾಗುತ್ತದೆ. ೫೦ ಮಿಲಿಆಂಪಿಯರನ್ನು ಮೀರಿ ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯವು ಲಯ ತಪ್ಪಿ, ರಕ್ತವನ್ನು ತಳ್ಳಲಾರದೆ ಬರಿದೇ ನಡುಗತೊಡಗಬಹುದು. ಸಾವಿರಾರು ವೋಲ್ಟಿನೆದುರು ಚರ್ಮದ ತಡೆ ಉಳಿಯುವುದಿಲ್ಲ. ಒಂದು ಕೈಯಿಂದ ಮತ್ತೊಂದು ಕೈಗೆ ದೇಹದ ರೋಧವು ಸುಮಾರು ೧,೦೦೦ ಓಮಿನಷ್ಟೇ ಆಗುತ್ತದೆ. ಹೈಸ್ಕೂಲಿನಲ್ಲಿ ಕಲಿತ ಓಮನ ನಿಯಮವನ್ನು ಅನ್ವಯಿಸಿದರೆ ೨,೦೦೦ನ್ನು ೧,೦೦೦ದಿಂದ ಭಾಗಿಸಿ ೨ ಆಂಪಿಯರು ಬರುತ್ತದೆ. ಟ್ರಾನ್ಸ್‌ಫಾರ್ಮರು ಅಷ್ಟನ್ನೂ ಕೊಡದೆ ಅರ್ಧ ಆಂಪಿಯರು ಮಾತ್ರ ಕೊಟ್ಟಿತೆನ್ನೋಣ; ಅದೂ ಹೃದಯದ ಲಯವನ್ನು ಕೆಡಿಸುವ ಪ್ರವಾಹದ ಹತ್ತುಪಟ್ಟು.

‘ನಮ್ಮ ಮನೆಯಲ್ಲಿ ರಕ್ಷಣೆಯ ಸ್ವಿಚ್ಚಿದೆ, ಶಾಕ್ ಹೊಡೆದರೆ ತಾನಾಗಿಯೇ ಬೀಳುತ್ತದೆ’ ಎಂದು ಧೈರ್ಯ ತಾಳುವವರುಂಟು. ಇದು ಅತ್ಯಂತ ಅಪಾಯಕರವಾದ ನಂಬಿಕೆ. ಆರ್.ಸಿ.ಸಿ.ಬಿ. ಎಂಬ ಆ ಸಾಧನವು ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ಇರುವ ವ್ಯತ್ಯಾಸವನ್ನು ನೋಡುತ್ತದೆ. ೩೦ ಮಿಲಿಆಂಪಿಯರಿನಷ್ಟು ಸೋರಿದರೆ ಕಡಿತ ಮಾಡುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿಯಿಂದ ಹೊರಟ ಪ್ರವಾಹವು ನಮ್ಮ ದೇಹದ ಮೂಲಕ ಹಾದು ಅದೇ ಸುರುಳಿಗೆ ಮರಳುತ್ತದೆ. ಮೊದಲನೆಯ ಸುರುಳಿಯ ಕಡೆ ಲೆಕ್ಕ ಸರಿಯಾಗಿಯೇ ಇರುತ್ತದೆ; ಸ್ವಿಚ್ಚಿಗೆ ಏನೂ ತಿಳಿಯುವುದಿಲ್ಲ. ಎಂ.ಸಿ.ಬಿ.ಯೂ ಉಪಯೋಗಕ್ಕೆ ಬಾರದು. ೨,೦೦೦ ವೋಲ್ಟಿನಲ್ಲಿ ಅರ್ಧ ಆಂಪಿಯರೆಂದರೆ ೧,೦೦೦ ವಾಟು. ಅದು ಇಸ್ತ್ರಿಪೆಟ್ಟಿಗೆಯೊಂದು ಎಳೆಯುವ ವಿದ್ಯುತ್ತಿನಷ್ಟೆ. ಮನುಷ್ಯನೊಬ್ಬ ಸಾಯುತ್ತಿರುವುದೂ ಬಟ್ಟೆಯೊಂದು ಇಸ್ತ್ರಿಯಾಗುತ್ತಿರುವುದೂ ಆ ಪೆಟ್ಟಿಗೆಗೆ ಒಂದೇ. ಇನ್ನು ಒಲೆಯ ಕೆಪಾಸಿಟರನ್ನೂ ಜೋಡಿಸಿಕೊಂಡರೆ ಪ್ಲಗ್ಗನ್ನು ಕಿತ್ತ ಮೇಲೂ ಅದು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.

ಇದು ಬರಿಯ ತರ್ಕವಲ್ಲ. ಇದೇ ಟ್ರಾನ್ಸ್‌ಫಾರ್ಮರಿನಿಂದ, ಉಪ್ಪುನೀರಿನಂಥ ದ್ರವದಿಂದ ತೊಯ್ಸಿದ ಹಲಗೆಯ ಮೇಲೆ ಮಿಂಚಿನ ಚಿತ್ತಾರವನ್ನು ಸುಡುವ ಹವ್ಯಾಸವೊಂದು ಹೊರದೇಶಗಳಲ್ಲಿ ಹರಡಿತು. ಅಮೆರಿಕದಲ್ಲಿ ಮರ ಕಡೆಯುವವರ ಸಂಘವು ಇದರಿಂದ ಮಡಿದವರ ಎಣಿಕೆಯನ್ನಿಟ್ಟಿದೆ. ಅದು ೩೦ನ್ನು ದಾಟಿದೆ. ಮಡಿದವರಲ್ಲಿ ಮರಗೆಲಸವನ್ನು ಚೆನ್ನಾಗಿ ಬಲ್ಲವರೂ ಇದ್ದರು. ತನ್ನ ಸಭೆಗಳಲ್ಲಿ ಈ ಪ್ರದರ್ಶನವನ್ನು ಆ ಸಂಘವು ನಿಷೇಧಿಸಿದೆ. ಕಿನ್ನಾಳದ ಬಣ್ಣದ ಬೊಂಬೆಗಳು ಹುಟ್ಟುವ ಸೀಮೆಯಲ್ಲಿ ಮರದ ಮೇಲಿನ ಹೊಸ ಚಿತ್ತಾರಕ್ಕೆ ಯಾರ ಮನಸ್ಸು ತಾನೇ ಮರುಳಾಗದು? ಆದರೆ ಆ ಚಿತ್ತಾರಕ್ಕೆ ತೆರುವ ಬೆಲೆ ಯಾವ ಕಲೆಗೂ ಸಲ್ಲದು.

ಹಾಗಾದರೆ ತಗಡು ಕೊಯ್ಯುವ ಯಂತ್ರವನ್ನಾದರೂ ಮನೆಯಲ್ಲಿ ಕಟ್ಟಬಹುದೆ? ಅದರ ಕೆಲಸವನ್ನು ತಿಳಿದರೆ ಉತ್ತರ ತಾನಾಗಿಯೇ ದೊರೆಯುವುದು. ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪೆನಿಯ ರಾಬರ್ಟ್ ಗೇಜ್ ೧೯೫೭ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ವಿದ್ಯುಚ್ಚಾಪವನ್ನು ಒಂದು ಕಿರಿದಾದ ರಂಧ್ರದ ಮೂಲಕ ಅನಿಲದೊಡನೆ ನುಗ್ಗಿಸಿದರೆ ಅದು ಹಿಂಡಿದಂತಾಗಿ ಅದರ ಉಷ್ಣತೆಯೂ ವೇಗವೂ ಏರುತ್ತವೆ. ಹೀಗೆ ಹಿಂಡಿದ ಪ್ಲಾಸ್ಮಾವು ಲೋಹವನ್ನು ಕರಗಿಸುತ್ತದೆ. ನುಗ್ಗಿ ಬರುವ ಗಾಳಿಯು ಕರಗಿದುದನ್ನು ಊದಿ ತಳ್ಳುತ್ತದೆ. ಇಂದಿನ ಅಂಗಡಿಗಳ ಯಂತ್ರಗಳಲ್ಲಿ ಆ ರಂಧ್ರವು ಒಂದು ಮಿಲಿಮೀಟರಿನ ಸುತ್ತಮುತ್ತ. ವಿದ್ಯುದಗ್ರದ ತುದಿಯಲ್ಲಿ ಹಾಫ್ನಿಯಂ ಎಂಬ ಲೋಹದ ಮಣಿಯೊಂದನ್ನು ಕೂರಿಸಿರುತ್ತಾರೆ, ಗಾಳಿಯ ಆಮ್ಲಜನಕದಲ್ಲಿ ಟಂಗ್‌ಸ್ಟನ್ ಬಹುಬೇಗ ಉರಿದುಹೋಗುವುದರಿಂದ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಚಾಪವನ್ನು ಹೊತ್ತಿಸುವ ಕ್ಷಣದಲ್ಲಿ ಹಲವು ಯಂತ್ರಗಳು ಉನ್ನತ ವೋಲ್ಟೇಜನ್ನು ಬಳಸುತ್ತವೆ, ನಿಜ. ಆದರೆ ಕೊಯ್ಯುವ ಹೊತ್ತಿನಲ್ಲಿ ಚಾಪದ ವೋಲ್ಟೇಜು ನೂರು, ನೂರೈವತ್ತರ ಸುತ್ತ ಮಾತ್ರ. ಕೆಲಸ ಮಾಡುವುದು ಹತ್ತಾರು ಆಂಪಿಯರುಗಳ ಪ್ರವಾಹ. ೧೨೦ ವೋಲ್ಟು, ೪೦ ಆಂಪಿಯರು ಎಂದಿಟ್ಟುಕೊಂಡರೆ ೪,೮೦೦ ವಾಟಾಯಿತು. ಮನೆಯ ೧೬ ಆಂಪಿಯರಿನ ಪ್ಲಗ್ಗು ಕೊಡಬಲ್ಲದ್ದು ೩,೬೮೦. ಒಲೆಯ ಟ್ರಾನ್ಸ್‌ಫಾರ್ಮರು ನಿಭಾಯಿಸಬಲ್ಲದ್ದು ಒಂದು ಸಾವಿರದ ಆಸುಪಾಸು, ಅದೂ ಬೇಡದ ವೋಲ್ಟೇಜಿನಲ್ಲಿ, ಸಾಲದ ಪ್ರವಾಹದಲ್ಲಿ. ಅಂದಮೇಲೆ ಅದು ಇದ್ದಂತೆಯೇ ತಗಡನ್ನು ಕೊಯ್ಯಲಾರದು. ಪ್ರಾಣವನ್ನು ಮಾತ್ರ ಕೊಯ್ಯಬಲ್ಲದು. ಇದಲ್ಲದೆ ಚಾಪದ ನೇರಳಾತೀತ ಕಿರಣಗಳು ಕಣ್ಣನ್ನು ಸುಡುತ್ತವೆ. ಹಗಲು ಏನೂ ತಿಳಿಯದು. ರಾತ್ರಿ ಕಣ್ಣಿನೊಳಗೆ ಮರಳು ಹೊಯ್ದಂತಾಗುತ್ತದೆ. ಗಾಳಿಯಲ್ಲಿ ಓಜೋನೂ ಸಾರಜನಕದ ಆಕ್ಸೈಡುಗಳೂ ಹುಟ್ಟುತ್ತವೆ. ಸತುವಿನ ಲೇಪವಿರುವ ತಗಡನ್ನು ಮುಚ್ಚಿದ ಕೋಣೆಯಲ್ಲಿ ಕೊಯ್ದರೆ ಅದರ ಹೊಗೆಯಿಂದ ಜ್ವರ ಬರುತ್ತದೆ.

ಇಷ್ಟನ್ನು ಓದಿದ ತಂದೆತಾಯಿಗಳು ‘ಇನ್ನು ಮೇಲೆ ವಿದ್ಯುತ್ತಿನ ಗೊಡವೆಯೇ ಬೇಡ’ ಎಂದು ಮಗನಿಗೋ ಮಗಳಿಗೋ ಕಟ್ಟಪ್ಪಣೆ ಮಾಡಬಹುದು. ಇದನ್ನೂ ನಾವು ಒಪ್ಪುವುದಿಲ್ಲ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡ ಹಾಗಾಗುವುದು. ಬಾಗಿಲು ಮುಚ್ಚಿದರೆ ಕುತೂಹಲವು ಸಾಯುವುದಿಲ್ಲ. ಹಿತ್ತಿಲಿನಿಂದ ಹೊರಟು, ಯಾರೂ ಇಲ್ಲದ ಹೊತ್ತಿನಲ್ಲಿ, ಒಬ್ಬಂಟಿಯಾಗಿ ಪ್ರಯೋಗಕ್ಕೆ ತೊಡಗುತ್ತದೆ. ಒಬ್ಬಂಟಿತನವೇ ವಿದ್ಯುತ್ತಿನ ಅಪಘಾತವನ್ನು ಮರಣವನ್ನಾಗಿ ಮಾಡುತ್ತದೆ. ಬಳಿಯಲ್ಲಿ ಇನ್ನೊಬ್ಬರಿದ್ದರೆ ಬಿದ್ದವನನ್ನು ಮುಟ್ಟದೆ ಮೊದಲು ಸ್ವಿಚ್ಚನ್ನು ಆರಿಸಿ, ೧೦೮ಕ್ಕೆ ಕರೆಮಾಡಿ, ಎದೆಯನ್ನು ಒತ್ತುತ್ತ ಉಸಿರನ್ನು ಉಳಿಸಬಹುದು.

‘ಹಿಂದಿನ ಮಹಾವಿಜ್ಞಾನಿಗಳು ಯಾರ ಅಪ್ಪಣೆಯನ್ನು ಕೇಳಿದ್ದರು?’ ಎಂದು ತರುಣರು ಆಕ್ಷೇಪಿಸಬಹುದು. ಮೈಕೆಲ್ ಫ್ಯಾರಡೆಯನ್ನೇ ತೆಗೆದುಕೊಳ್ಳಿರಿ. ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಆ ಹುಡುಗನು ೧೮೧೩ರಲ್ಲಿ ಹಂಫ್ರಿ ಡೇವಿಯ ಸಹಾಯಕನಾಗಿ ಸೇರಿದನು. ವಿದ್ಯುಚ್ಚಾಪವನ್ನು ಲೋಕಕ್ಕೆ ತೋರಿದವರಲ್ಲಿ ಡೇವಿಯೂ ಒಬ್ಬ. ಬಡವನಾದ ಫ್ಯಾರಡೆಗೆ ದೊರೆತ ಭಾಗ್ಯವೆಂದರೆ ಇದೇ: ಒಬ್ಬ ಗುರು, ಒಂದು ಪ್ರಯೋಗಶಾಲೆ. ಇನ್ನೊಂದು ಕಡೆ ಸೇಂಟ್ ಪೀಟರ್ಸ್‌ಬರ್ಗಿನ ಗಿಯಾರ್ಗ್ ರಿಕ್ಮನ್ ಇದ್ದಾನೆ. ಆತನು ಹವ್ಯಾಸಿಯಲ್ಲ, ಪ್ರಾಧ್ಯಾಪಕ. ೧೭೫೩ರಲ್ಲಿ ಮಿಂಚಿನ ವಿದ್ಯುತ್ತನ್ನು ಅಳೆಯಲು ಮನೆಯೊಳಕ್ಕೆ ತಂತಿಯನ್ನು ತಂದು ಅದರ ಬಳಿ ನಿಂತಿದ್ದಾಗ ಸಿಡಿಲಿಗೆ ಬಲಿಯಾದನು. ಜಾಣತನವು ವಿದ್ಯುತ್ತಿಗೆ ತಡೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ನಮ್ಮ ನಾಡಿಗೂ ಉನ್ನತ ವೋಲ್ಟೇಜಿಗೂ ಇರುವ ಪರಿಚಯ ಇಂದು ನಿನ್ನೆಯದಲ್ಲ. ೧೯೦೨ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೧೪೭ ಕಿಲೋಮೀಟರು ದೂರ ವಿದ್ಯುತ್ತು ಹರಿಯಿತು. ವಿದ್ಯುತ್ ಸಾಧನಗಳನ್ನು ಪರೀಕ್ಷಿಸುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ೧೯೬೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ೧೯೫೬ರ ಭಾರತೀಯ ವಿದ್ಯುತ್ ನಿಯಮಗಳು ೬೫೦ ವೋಲ್ಟನ್ನು ದಾಟಿದುದನ್ನು ‘ಉನ್ನತ’ ಎಂದು ಎಣಿಸಿ, ಅದರ ಮೇಲೆ ಅಪಾಯದ ಫಲಕವಿರಬೇಕೆಂದು ವಿಧಿಸಿದವು. ವಿದ್ಯುತ್ ಕಂಪೆನಿಯ ಲೈನ್‌ಮನ್ನನು ನಿಯಮದಂತೆ ನಡೆದರೆ ಪ್ರವಾಹವನ್ನು ಕಡಿದು, ತಂತಿಯನ್ನು ನೆಲಕ್ಕೆ ಜೋಡಿಸಿದ ಮೇಲೆಯೇ ಅದನ್ನು ಮುಟ್ಟುತ್ತಾನೆ. ಈ ಶಿಸ್ತನ್ನು ಅವನು ಪುಸ್ತಕದಿ೦ದಲ್ಲ, ಹಿರಿಯ ಕೆಲಸಗಾರನ ಪಕ್ಕದಲ್ಲಿ ನಿಂತು ಕಲಿತನು. ವಿದ್ಯಾರ್ಥಿಗೂ ಬೇಕಾದುದು ಅದೇ.

ಆದುದರಿಂದ ನಮ್ಮ ಸಲಹೆ ಇಷ್ಟು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಕಡೆಗಳಲ್ಲಿಯೂ ತಿಂಗಳಿಗೊಂದು ರಜಾದಿನ ಒಂದು ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ಕಿನ ಕಾರ್ಯಾಗಾರವು ಹೈಸ್ಕೂಲು, ಕಾಲೇಜುಗಳ ಮಕ್ಕಳಿಗೆ ತೆರೆದಿರಲಿ. ಹೊಸ ಕಟ್ಟಡ ಬೇಕಿಲ್ಲ. ಹೊಸ ಇಲಾಖೆಯೂ ಬೇಕಿಲ್ಲ. ವೆಲ್ಡಿಂಗ್ ಕಲಿಸುವ ಗುರುಗಳು ಮುಖಕ್ಕೆ ಕಪ್ಪುಗಾಜಿನ ಕವಚವಿಟ್ಟು, ಕೈಗೆ ಚರ್ಮದ ಕೈಗವಸು ತೊಡಿಸಿ, ಕಾರ್ಖಾನೆಯಲ್ಲಿ ತಯಾರಾದ ಯಂತ್ರದಿಂದಲೇ ತಗಡು ಕೊಯ್ದು ತೋರಿಸಲಿ. ಆಸಕ್ತಿಯುಳ್ಳವರು ತಾವೇ ಕಟ್ಟಬೇಕೆಂದಿರುವ ಉಪಕರಣದ ನಕ್ಷೆಯನ್ನು ಮೊದಲು ಕಾಗದದ ಮೇಲೆ ಬರೆದು ತರಲಿ. ಎಷ್ಟು ವೋಲ್ಟು, ಎಷ್ಟು ಆಂಪಿಯರು, ಎಷ್ಟು ಜೂಲು ಎಂಬುದನ್ನು ಲೆಕ್ಕ ಹಾಕಿ ಒಪ್ಪಿಸಿದ ಮೇಲೆ ಮಾತ್ರ ತಂತಿಯನ್ನು ಮುಟ್ಟಲಿ. ಉನ್ನತ ವೋಲ್ಟೇಜಿನ ಭಾಗವು ಮುಚ್ಚಿದ ಪೆಟ್ಟಿಗೆಯಲ್ಲಿರಲಿ. ಬಾಗಿಲು ತೆರೆದರೆ ಪ್ರವಾಹ ತಾನಾಗಿ ನಿಲ್ಲುವಂತಿರಲಿ. ಕೀಲಿಕೈ ಗುರುವಿನ ಬಳಿ ಇರಲಿ.

೨೦೧೬ರಲ್ಲಿ ಆರಂಭವಾದ ಅಟಲ್ ಇನ್ನೋವೇಷನ್ ಮಿಷನ್ನಿನ ಅಡಿಯಲ್ಲಿ ಆಯ್ದ ಶಾಲೆಗಳಿಗೆ ೨೦ ಲಕ್ಷ ರೂಪಾಯಿಗಳವರೆಗೆ ನೆರವಿತ್ತು ಟಿಂಕರಿಂಗ್ ಪ್ರಯೋಗಶಾಲೆಗಳನ್ನು ಸ್ಥಾಪಿಸಲಾಗಿದೆ. ಅಂಥ ಪ್ರಯೋಗಶಾಲೆ ಇರುವ ಶಾಲೆಯು ಅದನ್ನು ಬೀಗ ಹಾಕಿ ಅತಿಥಿಗಳಿಗೆ ಮಾತ್ರ ತೋರಿಸುವ ಕೋಣೆಯನ್ನಾಗಿ ಮಾಡಬಾರದು. ಉಪಕರಣ ಕೆಟ್ಟೀತೆಂಬ ಭಯದಿಂದ ಬೀಗ ಹಾಕಿದ ಪ್ರಯೋಗಶಾಲೆಯು ಮಕ್ಕಳನ್ನು ಗುಜರಿ ಅಂಗಡಿಗೆ ಅಟ್ಟುತ್ತದೆ. ಕೆಟ್ಟ ಉಪಕರಣವನ್ನು ದುರಸ್ತಿ ಮಾಡಬಹುದು.

ಕಾರ್ಯಾಗಾರದ ಬಾಗಿಲು ತೆರೆಯುವ ತನಕ ಮನೆಯಲ್ಲಿ ಏನು ಮಾಡಬಹುದು? ಬೇಕಾದಷ್ಟಿದೆ, ಒಂದಕ್ಕೂ ಗೋಡೆಯ ಪ್ಲಗ್ಗು ಬೇಕಿಲ್ಲ. ಒಣಗಿದ ಗಾಜಿನ ಸೀಸೆಯೊಂದರ ಪ್ಲಾಸ್ಟಿಕ್ ಮುಚ್ಚಳದ ಮೂಲಕ ದಪ್ಪ ತಾಮ್ರದ ತಂತಿಯನ್ನು ಇಳಿಸಿ, ಒಳಗಿನ ಕೊಕ್ಕೆಗೆ ತೆಳುವಾದ ಅಲ್ಯುಮಿನಿಯಂ ಹಾಳೆಯ ಎರಡು ಪಟ್ಟಿಗಳನ್ನು ತೂಗಹಾಕಿರಿ. ಹೊಲಕ್ಕೆ ನೀರು ಹಾಯಿಸುವ ಪಿ.ವಿ.ಸಿ. ಪೈಪಿನ ತುಂಡೊಂದನ್ನು ಕಂಬಳಿಯಿಂದ ಚೆನ್ನಾಗಿ ಉಜ್ಜಿ ತಂತಿಯ ಮೇಲ್ತುದಿಗೆ ಸವರಿದರೆ ಪಟ್ಟಿಗಳು ಒಂದನ್ನೊಂದು ದೂರ ತಳ್ಳಿ ನಿಲ್ಲುತ್ತವೆ. ನಮ್ಮ ಸೀಮೆಯ ಒಣಹವೆ ಈ ಪ್ರಯೋಗಕ್ಕೆ ವರಪ್ರಸಾದ; ಮಲೆನಾಡಿನ ಮಳೆಗಾಲದಲ್ಲಿ ಇದು ಇಷ್ಟು ಚೆನ್ನಾಗಿ ನಡೆಯದು. ಈಗ ಉರಿಯುವ ಮೇಣದ ಬತ್ತಿಯನ್ನು ತಂತಿಯ ತುದಿಯ ಬಳಿಗೆ ಮೆಲ್ಲನೆ ತನ್ನಿರಿ. ಮುಟ್ಟುವ ಮೊದಲೇ ಪಟ್ಟಿಗಳು ಕುಸಿಯುತ್ತವೆ! ಜ್ವಾಲೆಯಲ್ಲಿ ಅಯಾನುಗಳಿವೆ, ಅದೊಂದು ದುರ್ಬಲವಾದ ಪ್ಲಾಸ್ಮಾ. ಎಷ್ಟು ದೂರದಲ್ಲಿ ಎಷ್ಟು ಸೆಕೆಂಡಿಗೆ ಕುಸಿಯಿತೆಂಬುದನ್ನು ಅಳೆದು ನಕ್ಷೆ ಬರೆಯಿರಿ. ಊದಿನಕಡ್ಡಿಯ ಕೆಂಡದಿಂದಲೂ ಹೀಗಾಗುವುದೆ ಎಂದು ನೀವೇ ನೋಡಿರಿ.

ಮುಂದಿನ ಹೆಜ್ಜೆಯಾಗಿ, ಉಜ್ಜಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ಲಾಸ್ಟಿಕ್ ಹಿಡಿಯುಳ್ಳ ಒಂದು ಲೋಹದ ತಟ್ಟೆಯನ್ನಿಟ್ಟು, ತಟ್ಟೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಹಿಡಿಯಿಂದ ಎತ್ತಿರಿ. ವೋಲ್ಟಾ ೧೭೭೫ರಲ್ಲಿ ಪ್ರಸಿದ್ಧಿಗೆ ತಂದ ಎಲೆಕ್ಟ್ರೋಫೋರಸ್ ಎಂಬ ಸಾಧನವಿದು. ಬಿಡಿಯಾಗಿ ಕೊಂಡ ನಿಯಾನ್ ಕಿರುದೀಪದ ಒಂದು ಕಾಲನ್ನು ಹಿಡಿದು ಇನ್ನೊಂದನ್ನು ಕತ್ತಲೆಯಲ್ಲಿ ತಟ್ಟೆಗೆ ತಾಗಿಸಿದರೆ ದೀಪವು ಮಿನುಗುತ್ತದೆ. ಎರಡು ಕಡ್ಡಿಗಳಲ್ಲಿ ಬೆಳಗುವುದು ಋಣದ ಕಡೆಯದು. ಅದರಿಂದ ತಟ್ಟೆಯ ವಿದ್ಯುತ್ತು ಧನವೋ ಋಣವೋ ಎಂಬುದನ್ನು ನಿರ್ಣಯಿಸಬಹುದು. ಇದು ಸಾವಿರಾರು ವೋಲ್ಟಿನ ಪ್ಲಾಸ್ಮಾ ಉಪಕರಣವೇ. ಆದರೆ ಕೇರೆಹಾವಿನ ಜಾತಿಯದು.

ಮರದ ಮೇಲೆ ಮಿಂಚಿನ ಚಿತ್ರವನ್ನು ಸುಡುವವರು ಅದಕ್ಕೆ ಲಿಕ್ಟನ್‌ಬರ್ಗನ ಹೆಸರನ್ನಿಟ್ಟಿದ್ದಾರೆ. ಗಾಟಿಂಗೆನ್ನಿನ ಆ ಪ್ರಾಧ್ಯಾಪಕನು ೧೭೭೭ರಲ್ಲಿ ಮಾಡಿದ್ದು ಮರವನ್ನು ಸುಡುವ ಕೆಲಸವಲ್ಲ. ಇದೇ ಎಲೆಕ್ಟ್ರೋಫೋರಸಿನ ಮೇಲೆ ಕುಳಿತ ಸಣ್ಣ ಧೂಳು ನಕ್ಷತ್ರದಂತೆ, ಬೇರಿನಂತೆ ಕವಲೊಡೆದುದನ್ನು ಅವನು ಗಮನಿಸಿದನು. ವಿದ್ಯುತ್ತು ಹಾಳೆಯ ಮೇಲೆ ಹರಿದ ಹಾದಿಯನ್ನು ಧೂಳು ಬರೆದು ತೋರಿಸಿತ್ತು. ಧೂಳನ್ನು ವಿದ್ಯುತ್ತಿನಿಂದ ಹಿಡಿಯುವ ಆ ತತ್ತ್ವದಿಂದಲೇ ೧೯೩೮ರಲ್ಲಿ ಚೆಸ್ಟರ್ ಕಾರ್ಲ್‌ಸನ್ ನಕಲು ತೆಗೆಯುವ ವಿಧಾನವನ್ನು ಕಂಡುಹಿಡಿದನು. ನಮ್ಮ ಕಾಲೇಜುಗಳ ಬಾಗಿಲಲ್ಲಿರುವ ಜೆರಾಕ್ಸ್ ಅಂಗಡಿಗಳು ಬದುಕುತ್ತಿರುವುದು ಈ ಧೂಳಿನ ಚಿತ್ರದ ಮೇಲೆ. ಅಲ್ಪ ಶಕ್ತಿಯ ಒಂದು ಕಿಡಿಯನ್ನು ಎಚ್ಚರದಿಂದ ನೋಡಿದವನಿಂದ ಲೋಕಕ್ಕೆ ಇಷ್ಟು ದೊಡ್ಡ ಪ್ರಯೋಜನವಾಯಿತು.

ವಿಜ್ಞಾನದಲ್ಲಿ ದೊಡ್ಡದು ಯಾವುದೆಂಬುದನ್ನು ಕಿಡಿಯ ಸದ್ದು ನಿರ್ಣಯಿಸುವುದಿಲ್ಲ. ಅದರಿಂದ ನಾವು ಅಳೆದು ತಿಳಿದುದೆಷ್ಟು ಎಂಬುದು ನಿರ್ಣಯಿಸುತ್ತದೆ. ನಮ್ಮ ವಿದ್ಯಾರ್ಥಿಮಿತ್ರರು ಒಲೆಯ ಟ್ರಾನ್ಸ್‌ಫಾರ್ಮರನ್ನು ಗುಜರಿ ಅಂಗಡಿಯಲ್ಲಿಯೇ ಬಿಟ್ಟು, ಸೀಸೆ, ತಂತಿ, ಕಂಬಳಿಗಳಿಂದ ಇಂದೇ ಆರಂಭಿಸಲಿ. ಅವರು ಅಳೆದು ಬರೆದ ಪುಸ್ತಕವನ್ನು ಹಿಡಿದು ಐ.ಟಿ.ಐ. ಕಾರ್ಯಾಗಾರದ ಬಾಗಿಲಿಗೆ ಬಂದು ನಿಂತಾಗ ಒಳಕ್ಕೆ ಕರೆಯುವುದು ಹಿರಿಯರ ಕರ್ತವ್ಯ.